ವಿಮಾನದ ಮೇಲೊಂದು ಹೆಸರು, ಸಂಬಳದ ಚೀಟಿಯ ಮೇಲೊಂದು ಹೆಸರು

ಈ ಸಲದ ನನ್ನ ಮಾತು ಈ ದೇಶದಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಹುಡುಗಿಯರಿಗೆ. ಅದರಲ್ಲೂ ಪೈಲಟ್ ಆಗಬೇಕೆಂಬ ಆಸೆ ಇಟ್ಟುಕೊಂಡು, ಅದನ್ನು ಅಪ್ಪ ಅಮ್ಮನ ಮುಂದೆ ಹೇಗೆ ಹೇಳುವುದು ಎಂದು ಗೊತ್ತಾಗದೆ ಕೂತಿರುವವರಿಗೆ. ವಿಮಾನದ ಕಡೆ ಒಲವಿಲ್ಲದವರೂ ಕೇಳಬಹುದು. ಯಾವ ಕೆಲಸವೇ ಆಗಲಿ, ಅದು ಯಾರ ಕೈಯಲ್ಲಿದೆ ಎಂದು ನೋಡುವ ಅಭ್ಯಾಸ ಎಲ್ಲರಿಗೂ ಬೇಕು.

ನಮ್ಮೂರಿನ ಎಂಬಾರ್ಕಡೆರೋ ರಸ್ತೆಯಲ್ಲಿ ಹೈವೇ 101 ದಾಟಿ ಕೊಲ್ಲಿಯ ಕಡೆ ಹೋದರೆ ಪಾಲೋ ಆಲ್ಟೋ ವಿಮಾನ ನಿಲ್ದಾಣ ಸಿಗುತ್ತದೆ. ರನ್‌ವೇ ಸುಮಾರು 2,400 ಅಡಿ ಉದ್ದ, ಅಷ್ಟೆ. ದೊಡ್ಡ ವಿಮಾನ ಇಲ್ಲಿ ಇಳಿಯುವುದಿಲ್ಲ. ಆದರೆ ಶನಿವಾರ ಭಾನುವಾರ ಬಂದರೆ ಪುಟ್ಟ ಸೆಸ್ನಾಗಳು ಏಳುವುದು, ಒಂದು ಸುತ್ತು ಹೊಡೆದು ಇಳಿಯುವುದು, ಮತ್ತೆ ಏಳುವುದು ನಡೆದೇ ಇರುತ್ತದೆ. ಹಾರುವುದನ್ನು ಕಲಿಯುವವರು ಅವರು. ನಮ್ಮ ಕನ್ನಡದ ಮಕ್ಕಳೂ ಇಂಥ ಕಡೆ ಕಲಿಯುತ್ತಾರೆ. ಇಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ ದೊಡ್ಡ ಬೋಯಿಂಗ್‌ವರೆಗಿನ ದಾರಿ ನೆಲದ ಮೇಲೆ ಇಪ್ಪತ್ತು ಮೈಲಿ. ಪೈಲಟ್‌ಗೆ ಅದು ಹಲವು ವರ್ಷಗಳ ದಾರಿ. ಆ ದಾರಿಯ ನಡುವೆ ಹೆಚ್ಚಿನವರಿಗೆ ಸಿಗುವ ಊರೇ ರೀಜನಲ್ ಏರ್‌ಲೈನ್. ಇವತ್ತು ಅದರ ಬಗ್ಗೆ ಮಾತಾಡೋಣ.

ರೀಜನಲ್ ಏರ್‌ಲೈನ್ ಅಂದರೆ ಏನು? ಸ್ಯಾನ್ ಫ್ರಾನ್ಸಿಸ್ಕೋದಿಂದ ರೆಡ್ಡಿಂಗ್‌ಗೋ ಯುರೇಕಾಕ್ಕೋ ಟಿಕೆಟ್ ತೆಗೆದುಕೊಳ್ಳಿ. ವಿಮಾನದ ಮೈಮೇಲೆ ಯುನೈಟೆಡ್ ಎಂದು ಬರೆದಿರುತ್ತದೆ. ಟಿಕೆಟ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿರುತ್ತದೆ: ಸ್ಕೈವೆಸ್ಟ್ ನಡೆಸುವ ವಿಮಾನ ಎಂದು. ಸ್ಕೈವೆಸ್ಟ್ 1972ರಲ್ಲಿ ಯೂಟಾ ರಾಜ್ಯದ ಸೇಂಟ್ ಜಾರ್ಜ್‌ನಲ್ಲಿ ಶುರುವಾದ ಕಂಪನಿ. ಅದು ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ನಾಲ್ಕೂ ಕಂಪನಿಗಳಿಗಾಗಿ ವಿಮಾನ ಹಾರಿಸುತ್ತದೆ. ಕಾಕ್‌ಪಿಟ್‌ನಲ್ಲಿ ಕೂತವರ ಸಂಬಳದ ಚೀಟಿಯ ಮೇಲೆ ಸ್ಕೈವೆಸ್ಟ್ ಎಂದಿರುತ್ತದೆ, ಯುನೈಟೆಡ್ ಎಂದಲ್ಲ.

ಬೆಂಗಳೂರಿಗೆ ರಜೆಗೆ ಹೋದಾಗ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸು ಹತ್ತಿದ್ದರೆ ನಿಮಗೆ ಈ ಏರ್ಪಾಡು ಬೇಗ ಅರ್ಥವಾಗುತ್ತದೆ. ಬಸ್ಸಿನ ಮೇಲೆ ಬಿಎಂಟಿಸಿ ಹೆಸರು, ಟಿಕೆಟ್ ಕೊಡುವ ಕಂಡಕ್ಟರ್ ಬಿಎಂಟಿಸಿಯವರು. ಬಸ್ಸು ಮಾತ್ರ ಖಾಸಗಿ ಕಂಪನಿಯದು, ಡ್ರೈವರ್ ಆ ಕಂಪನಿಯ ನೌಕರ. ಬಸ್ಸು ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಬಿಎಂಟಿಸಿ ಕಂಪನಿಗೆ ದುಡ್ಡು ಕೊಡುತ್ತದೆ. ಸೀಟು ತುಂಬಿತೋ ಖಾಲಿ ಹೋಯಿತೋ, ಆ ಲಾಭ ನಷ್ಟ ಬಿಎಂಟಿಸಿಯದು.

ಅಮೆರಿಕದ ರೀಜನಲ್ ವಿಮಾನದ ಲೆಕ್ಕವೂ ಬಹುಮಟ್ಟಿಗೆ ಹೀಗೇ. ಇದಕ್ಕೆ ಕೆಪಾಸಿಟಿ ಪರ್ಚೇಸ್ ಅಗ್ರಿಮೆಂಟ್ ಎನ್ನುತ್ತಾರೆ. ಟಿಕೆಟ್ ಮಾರುವುದು, ಬೆಲೆ ಇಡುವುದು, ಯಾವ ಊರಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಹೇಳುವುದು, ಇಂಧನದ ಖರ್ಚು ಹೊರುವುದು ದೊಡ್ಡ ಕಂಪನಿ. ಪೈಲಟ್, ಗಗನಸಖಿ, ಮೆಕ್ಯಾನಿಕ್ಕುಗಳನ್ನು ಇಟ್ಟುಕೊಂಡು ವಿಮಾನ ಹಾರಿಸುವುದು ಸಣ್ಣ ಕಂಪನಿ. ಕೆಲವು ಕಡೆ ವಿಮಾನವೂ ದೊಡ್ಡವರದ್ದೇ. ಇಂಥ ಒಪ್ಪಂದಕ್ಕೆ ಒಂದು ಕೊನೆಯ ದಿನಾಂಕ ಇರುತ್ತದೆ. ಆ ದಿನಾಂಕ ಬಂದಾಗ ದೊಡ್ಡ ಕಂಪನಿ ಒಪ್ಪಂದ ಮುಂದುವರಿಸಬಹುದು, ಕಡಿಮೆ ಬೆಲೆ ಹೇಳಿದ ಮತ್ತೊಬ್ಬರಿಗೆ ಕೊಡಬಹುದು, ಆ ವಿಮಾನಗಳೇ ಬೇಡ ಎನ್ನಲೂಬಹುದು. ನೀವು ಎಷ್ಟು ಚೆನ್ನಾಗಿ ವಿಮಾನ ಇಳಿಸುತ್ತೀರಿ ಎನ್ನುವುದಕ್ಕೂ ಆ ತೀರ್ಮಾನಕ್ಕೂ ಸಂಬಂಧ ಕಡಿಮೆ. ರೀಜನಲ್ ಪೈಲಟ್‌ನ ಕೆಲಸದ ಭದ್ರತೆ ಇರುವುದು ಅವರು ಸಹಿ ಹಾಕದ ಒಂದು ಕಾಗದದಲ್ಲಿ. ಇವತ್ತಿನ ನನ್ನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಇದು ಬಾಯಿಮಾತಿನ ಹೆದರಿಕೆಯಲ್ಲ. 2020ರಲ್ಲಿ ನಡೆದದ್ದನ್ನು ನೋಡಿ. ಟ್ರಾನ್ಸ್ ಸ್ಟೇಟ್ಸ್ ಎನ್ನುವ ಕಂಪನಿ ಯುನೈಟೆಡ್ ಎಕ್ಸ್‌ಪ್ರೆಸ್ ಹೆಸರಿನಲ್ಲಿ 50 ಸೀಟಿನ ಎಂಬ್ರೇರ್ 145 ವಿಮಾನಗಳನ್ನು ಹಾರಿಸುತ್ತಿತ್ತು. ತನ್ನ ವಿಮಾನಗಳು ಎಕ್ಸ್‌ಪ್ರೆಸ್‌ಜೆಟ್ ಎನ್ನುವ ಇನ್ನೊಂದು ಕಂಪನಿಗೆ ಹೋಗುತ್ತವೆ, ವರ್ಷದ ಕೊನೆಯ ಹೊತ್ತಿಗೆ ಎಲ್ಲ ಮುಗಿಯುತ್ತದೆ ಎಂದು ಅದು ಫೆಬ್ರವರಿಯಲ್ಲಿ ಹೇಳಿತು. ಅಷ್ಟರಲ್ಲಿ ಕೋವಿಡ್ ಬಂತು. ವರ್ಷದ ಕೊನೆ ಎಂದದ್ದು ಏಪ್ರಿಲ್ 1ಕ್ಕೇ ಮುಗಿಯಿತು. ಪಶ್ಚಿಮ ತೀರದಲ್ಲಿ ಡೆಲ್ಟಾಕ್ಕೂ ಅಮೆರಿಕನ್‌ಗೂ ಹಾರುತ್ತಿದ್ದ ಕಂಪಾಸ್ ಕೂಡ ಅದೇ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಅದರ ಒಪ್ಪಂದಗಳು ಕೈತಪ್ಪುವುದು ಕೋವಿಡ್‌ಗೂ ಮುಂಚೆಯೇ ತೀರ್ಮಾನವಾಗಿತ್ತು.

ಸರಿ, ಎಕ್ಸ್‌ಪ್ರೆಸ್‌ಜೆಟ್ ಆದರೂ ಉಳಿಯಿತಲ್ಲ ಎಂದು ನೀವು ಕೇಳಬಹುದು. ಅದರಲ್ಲಿ ಯುನೈಟೆಡ್‌ಗೆ ಅರ್ಧಕ್ಕೆ ಸ್ವಲ್ಪವೇ ಕಡಿಮೆ ಪಾಲಿತ್ತು. ಪಾಲುದಾರರೇ ಕೈಬಿಡುತ್ತಾರೆಯೇ ಎಂದು ಯಾರಾದರೂ ಧೈರ್ಯ ತಂದುಕೊಳ್ಳುವಂಥ ಪರಿಸ್ಥಿತಿ. ಆದರೆ ಜುಲೈ ಕೊನೆಯಲ್ಲಿ ಯುನೈಟೆಡ್ ತನ್ನ ಎಂಬ್ರೇರ್ 145 ಕೆಲಸವನ್ನೆಲ್ಲ ಕಮ್ಯೂಟ್‌ಏರ್ ಎನ್ನುವ ಮತ್ತೊಂದು ಸಣ್ಣ ಕಂಪನಿಗೆ ಕೊಟ್ಟಿತು. ಸೆಪ್ಟೆಂಬರ್ 30ಕ್ಕೆ ಎಕ್ಸ್‌ಪ್ರೆಸ್‌ಜೆಟ್ ಹಾರಾಟ ನಿಂತಿತು. ಮುಂದಿನ ವರ್ಷ ಅದೇ ಕಂಪನಿ ನಮ್ಮ ಪಕ್ಕದ ನೆವಾಡದ ರೀನೋದಿಂದ ಆಹಾ ಎನ್ನುವ ಹೆಸರಿನಲ್ಲಿ ಮತ್ತೆ ಶುರುವಾಯಿತು, 2022ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿ ನಿಂತುಹೋಯಿತು. ಟ್ರಾನ್ಸ್ ಸ್ಟೇಟ್ಸ್‌ನಿಂದ ಎಕ್ಸ್‌ಪ್ರೆಸ್‌ಜೆಟ್ ಕಡೆ ಆಸೆಯಿಂದ ನೋಡಿದ ಪೈಲಟ್‌ಗೆ ಆರೇ ತಿಂಗಳಲ್ಲಿ ಎರಡು ಬಾಗಿಲು ಮುಚ್ಚಿದವು.

ಹಾಗಾದರೆ ಇನ್ನೊಂದು ಕಂಪನಿಗೆ ಸೇರಿದರಾಯಿತು, ಅದರಲ್ಲೇನು? ಸಾಫ್ಟ್‌ವೇರ್ ಮನೆಯ ಮಕ್ಕಳಾದ ನಿಮಗೆ ಹೀಗೆ ಅನಿಸುವುದು ಸಹಜ. ಇಲ್ಲಿ ಕಂಪನಿ ಬದಲಿಸಿದರೆ ಸಂಬಳ ಏರುತ್ತದೆ. ಅಮೆರಿಕದ ವಿಮಾನ ಕಂಪನಿಗಳಲ್ಲಿ ಹಾಗಲ್ಲ. ಅಲ್ಲಿ ಎಲ್ಲವೂ ಸೀನಿಯಾರಿಟಿ ಪಟ್ಟಿಯ ಮೇಲೆ ನಡೆಯುತ್ತದೆ. ನೀವು ಸೇರಿದ ದಿನ ನಿಮಗೊಂದು ನಂಬರ್ ಸಿಗುತ್ತದೆ. ಯಾವ ಊರಿನಲ್ಲಿ ಇರಬೇಕು, ಯಾವ ವಿಮಾನ, ದೀಪಾವಳಿಗೆ ರಜೆ ಸಿಗುತ್ತದೆಯೋ ಇಲ್ಲವೋ, ಕ್ಯಾಪ್ಟನ್ ಯಾವಾಗ ಆಗುತ್ತೀರಿ, ಕೆಲಸ ಕಡಿಮೆಯಾದಾಗ ಮೊದಲು ಮನೆಗೆ ಹೋಗುವವರು ಯಾರು, ಎಲ್ಲವನ್ನೂ ಆ ನಂಬರ್ ಹೇಳುತ್ತದೆ. ಕಂಪನಿ ಬಿಟ್ಟರೆ ನಂಬರ್ ಅಲ್ಲೇ ಉಳಿಯುತ್ತದೆ. ಹದಿನೈದು ವರ್ಷ ಹಾರಿದ ಕ್ಯಾಪ್ಟನ್ ಹೊಸ ಕಂಪನಿಗೆ ಹೋದರೆ ಪಟ್ಟಿಯ ತಳದಲ್ಲಿ, ನಿನ್ನೆ ಸೇರಿದ ಇಪ್ಪತ್ತಮೂರರ ಹುಡುಗಿಯ ಹಿಂದೆ ನಿಲ್ಲಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಎರಡು ಕಂಪನಿಗಳು ವಿಲೀನವಾದರೆ ಪೈಲಟ್‌ಗಳಿಗೆ ಕಾನೂನಿನ ಆಸರೆ ಉಂಟು. 2001ರಲ್ಲಿ ಅಮೆರಿಕನ್ ಕಂಪನಿ ಟಿಡಬ್ಲ್ಯೂಎಯನ್ನು ಕೊಂಡಾಗ ಅಲ್ಲಿಂದ ಬಂದ ನೌಕರರಲ್ಲಿ ಅನೇಕರು ಪಟ್ಟಿಯ ತಳಕ್ಕೆ ಹೋದರು. ಆ ಕಹಿಯಿಂದಲೇ 2007ರಲ್ಲಿ ಮೆಕ್ಯಾಸ್ಕಿಲ್-ಬಾಂಡ್ ಎನ್ನುವ ತಿದ್ದುಪಡಿ ಬಂತು. ವಿಲೀನವಾದಾಗ ಎರಡು ಪಟ್ಟಿಗಳನ್ನು ನ್ಯಾಯವಾಗಿ ಸೇರಿಸಬೇಕು ಎಂದು ಅದು ಹೇಳುತ್ತದೆ. 2025ರಲ್ಲಿ ಮೆಸಾ ಮತ್ತು ರಿಪಬ್ಲಿಕ್ ಎನ್ನುವ ಎರಡು ರೀಜನಲ್ ಕಂಪನಿಗಳು ಒಂದಾಗುವುದಾಗಿ ಘೋಷಿಸಿದಾಗ, ಅಲ್ಲಿನ ಪೈಲಟ್‌ಗಳ ಮೊದಲ ಪ್ರಶ್ನೆ ಈ ಪಟ್ಟಿಯದ್ದೇ ಆಗಿರುತ್ತದೆ. ಆದರೆ ಒಪ್ಪಂದ ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಅದು ವಿಲೀನವಲ್ಲ. ಅದೇ ವಿಮಾನ, ಅದೇ ಊರು, ಅದೇ ಬಣ್ಣ. ಪೈಲಟ್‌ನ ನಂಬರ್ ಮಾತ್ರ ಅದರ ಜೊತೆಗೆ ಹೋಗುವುದಿಲ್ಲ.

ಇನ್ನು ವಿಮಾನಗಳು ಬದಲಾಗುವ ವಿಷಯ. ದೊಡ್ಡ ಕಂಪನಿಗಳ ಪೈಲಟ್ ಯೂನಿಯನ್‌ಗಳು ತಮ್ಮ ಕರಾರಿನಲ್ಲಿ ಸ್ಕೋಪ್ ಕ್ಲಾಸ್ ಎನ್ನುವ ಒಂದು ಬೇಲಿ ಹಾಕಿಕೊಂಡಿವೆ. ತಮ್ಮ ಕೆಲಸವೆಲ್ಲ ಅಗ್ಗದ ಕಂಪನಿಗಳ ಪಾಲಾಗಬಾರದು ಎನ್ನುವುದು ಅದರ ಉದ್ದೇಶ. ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರರಲ್ಲೂ ರೀಜನಲ್ ವಿಮಾನಕ್ಕೆ 76 ಸೀಟಿನ ಮಿತಿ, 86,000 ಪೌಂಡ್ ತೂಕದ ಮಿತಿ, ಜೊತೆಗೆ ಇಂಥ ವಿಮಾನ ಎಷ್ಟಿರಬಹುದು ಎನ್ನುವ ಲೆಕ್ಕ ಇದೆ. ಎಂಬ್ರೇರ್ ಕಂಪನಿ ಇಂಧನ ಕಡಿಮೆ ಕುಡಿಯುವ ಇ175-ಇ2 ಎನ್ನುವ ಹೊಸ ವಿಮಾನ ತಯಾರಿಸಿ 2019ರಲ್ಲಿ ಹಾರಿಸಿಯೂ ನೋಡಿತು. ಎಂಜಿನ್ ಭಾರವಾಗಿ ತೂಕದ ಮಿತಿ ಮೀರಿದ್ದರಿಂದ ಇಲ್ಲಿನ ಯಾವ ರೀಜನಲ್ ಕಂಪನಿಯೂ ಅದನ್ನು ಹಾರಿಸುತ್ತಿಲ್ಲ. ದೊಡ್ಡ ಕಂಪನಿಗೂ ಅದರ ಯೂನಿಯನ್ನಿಗೂ ನಡೆಯುವ ಈ ಹಗ್ಗಜಗ್ಗಾಟದಲ್ಲಿ ರೀಜನಲ್ ಪೈಲಟ್‌ಗೆ ಕುರ್ಚಿಯೇ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಗಾದೆಯನ್ನು ನಿಮ್ಮ ಅಜ್ಜಿ ಹೇಳಿರಬೇಕಲ್ಲ, ಅದು ಇದೇ.

ಪ್ರತಿಯೊಂದು ಜೆಟ್ ಹಾರಿಸಲು ಪೈಲಟ್‌ಗೆ ಪ್ರತ್ಯೇಕ ಟೈಪ್ ರೇಟಿಂಗ್ ಬೇಕು. ಸಿಆರ್‌ಜೆ 200, 700, 900ಕ್ಕೆ ಒಂದೇ ರೇಟಿಂಗ್ ನಡೆಯುತ್ತದೆ. ಎಂಬ್ರೇರ್ 145ರ ರೇಟಿಂಗ್ ಇಟ್ಟುಕೊಂಡು ಎಂಬ್ರೇರ್ 175 ಹಾರಿಸಲಾಗುವುದಿಲ್ಲ, ಎರಡನ್ನೂ ಮಾಡಿದ ಕಂಪನಿ ಒಂದೇ ಆದರೂ. ಮತ್ತೆ ವಾರಗಟ್ಟಲೆ ಕ್ಲಾಸು, ಸಿಮ್ಯುಲೇಟರ್, ಪರೀಕ್ಷೆ. ಅಲಾಸ್ಕಾ ಗುಂಪಿನ ಹೊರೈಜನ್ ಕಂಪನಿ 2023ರ ಜನವರಿಯಲ್ಲಿ ತನ್ನ ಪ್ರೊಪೆಲರ್ ವಿಮಾನ ಕ್ಯೂ400ಗಳನ್ನು ಪೂರ್ತಿ ಬಿಟ್ಟು ಇ175 ಒಂದನ್ನೇ ಉಳಿಸಿಕೊಂಡಿತು. ಕಂಪನಿಗೆ ಇದರಿಂದ ಖರ್ಚು ಉಳಿಯುತ್ತದೆ, ಅದು ಸರಿಯಾದ ಲೆಕ್ಕವೇ. ಇಂಥ ಬದಲಾವಣೆಯಲ್ಲಿ ಪೈಲಟ್ ಮಾತ್ರ ಟ್ರೈನಿಂಗ್ ಸರದಿಗೆ ಕಾಯಬೇಕು, ಊರು ಬದಲಿಸಬೇಕಾಗಬಹುದು, ಕ್ಯಾಪ್ಟನ್ ಸೀಟಿನಿಂದ ಬಲಗಡೆಯ ಸೀಟಿಗೆ ಸರಿಯಬೇಕಾಗಲೂಬಹುದು.

ಇದು ಅಮೆರಿಕದ ಕಥೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಕರ್ನಾಟಕದಲ್ಲೂ ಇದಕ್ಕೆ ಸಾಕ್ಷಿ ಇದೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ, ಸೇನೆಯಲ್ಲಿದ್ದು ಬಂದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಪುಟ್ಟ ಎಟಿಆರ್ ವಿಮಾನಗಳು ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ ಅಗ್ಗದ ದರದಲ್ಲಿ ಹಾರಿದವು. ನಿಮ್ಮ ಅಪ್ಪನೋ ಮಾವನೋ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ ಇರಬಹುದು, ಕೇಳಿ ನೋಡಿ. 2007ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ತೆಗೆದುಕೊಂಡಿತು, ಮುಂದಿನ ವರ್ಷ ಅದರ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್‌ನ ಲೈಸೆನ್ಸೇ ಅಮಾನತಾಯಿತು. ಪೈಲಟ್‌ಗಳಿಗೂ ಉಳಿದ ನೌಕರರಿಗೂ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಹತ್ತು ವರ್ಷದೊಳಗೆ ಒಂದೇ ಎಟಿಆರ್ ಪೈಲಟ್ ಹೊಸ ಕಂಪನಿಯ ಸಂಭ್ರಮ, ಹೊಸ ಯಜಮಾನರ ಬಣ್ಣ, ಸಂಬಳವಿಲ್ಲದ ದಿನ ಮೂರನ್ನೂ ಕಂಡಿರಲು ಸಾಧ್ಯ.

ಆಮೇಲೆ ಉಡಾನ್ ಯೋಜನೆ ಬಂತು. ಸಣ್ಣ ಊರುಗಳ ಮಾರ್ಗಕ್ಕೆ ಸರ್ಕಾರ ಮೂರು ವರ್ಷ ಸಹಾಯಧನ ಕೊಡುತ್ತದೆ. 2019ರ ನವೆಂಬರಿನಲ್ಲಿ ಕಲಬುರಗಿಯ ನಿಲ್ದಾಣ ಸ್ಟಾರ್ ಏರ್ ವಿಮಾನದಿಂದ ತೆರೆಯಿತು, 2020ರ ಫೆಬ್ರವರಿಯಲ್ಲಿ ಬೀದರಿನ ನಿಲ್ದಾಣ ಟ್ರೂಜೆಟ್ ವಿಮಾನದಿಂದ. ಎರಡೇ ವರ್ಷಕ್ಕೆ, 2022ರ ಫೆಬ್ರವರಿಯಲ್ಲಿ, ಟ್ರೂಜೆಟ್ ಹಾರಾಟ ನಿಲ್ಲಿಸಿತು. ಸ್ಟಾರ್ ಏರ್ ಎಂಬ್ರೇರ್ 145ರಿಂದ ಶುರು ಮಾಡಿ 2023ರಲ್ಲಿ ಇ175 ತಂದಿತು. ಭಾರತದಲ್ಲಿ ಇನ್ನೊಂದು ವಿಚಿತ್ರ ಉಂಟು. 2017ರ ನಿಯಮದ ಪ್ರಕಾರ ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷ ಮುಂಚೆ, ಸಹ ಪೈಲಟ್ ಆರು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಕಂಪನಿಯೇ ನಿಂತುಹೋಗುವ ದಿನ ಅಷ್ಟು ಮುಂಚೆ ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಈ ಕೆಲಸವೇ ಬೇಡವೇ ಎಂದು ಕೇಳುತ್ತೀರಿ. ಬೇಡ ಎಂದು ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿ ಏರಿಕೆಯೂ ಅಷ್ಟೇ ಜೋರು. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಎನ್ನುವ ರೀಜನಲ್ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಟಿಕೆಟ್ ಮೇಲೆ ಕಾಂಟಿನೆಂಟಲ್ ಎಂಬ ದೊಡ್ಡ ಹೆಸರಿತ್ತು. ತನಿಖೆಯ ಹೊತ್ತಿಗೆ ಪೈಲಟ್‌ಗಳ ಸಣ್ಣ ಸಂಬಳ, ದಣಿವು, ತರಬೇತಿ ಎಲ್ಲ ಹೊರಗೆ ಬಂದವು. ಸತ್ತವರ ಮನೆಯವರು ಪಟ್ಟು ಹಿಡಿದು ಕಾನೂನು ತರಿಸಿದರು. ಅದರಿಂದಾಗಿ 2013ರಿಂದ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು. ವಿಮಾನಯಾನದ ನಾಲ್ಕು ವರ್ಷದ ಡಿಗ್ರಿ ಮಾನ್ಯತೆ ಪಡೆದ ಕಾಲೇಜಿನಿಂದ ಇದ್ದರೆ 1,000. ಮುಂದೆ ಪೈಲಟ್‌ಗಳ ಕೊರತೆಯಾದಾಗ ಸಂಬಳ ಜಿಗಿಯಿತು. 2022ರಲ್ಲಿ ಎನ್ವಾಯ್, ಪೀಡ್ಮಾಂಟ್‌ನಂಥ ಕಂಪನಿಗಳು ಹೊಸಬರಿಗೆ ಗಂಟೆಗೆ 90 ಡಾಲರ್ ಎಂದವು. 2024ರಲ್ಲಿ ಬೋಯಿಂಗ್ ವಿಮಾನಗಳು ತಡವಾದಾಗ ಯುನೈಟೆಡ್ ಕೆಲ ಕಾಲ ಹೊಸ ಪೈಲಟ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಮೇಲಿನವರು ಮುಂದೆ ಹೋಗದಿದ್ದರೆ ಕೆಳಗಿನವರ ಸಾಲು ಅಲ್ಲೇ ನಿಲ್ಲುತ್ತದೆ. ಎರಡು ವರ್ಷದಲ್ಲಿ ಗಾಳಿ ಹೀಗೆ ತಿರುಗುತ್ತದೆ. ನೀವು ಕಲಿಯಲು ಶುರು ಮಾಡಿ 1,500 ಗಂಟೆ ಮುಗಿಸಲು ಬೇಕಾಗುವ ಕಾಲ ಅದಕ್ಕಿಂತ ಹೆಚ್ಚು. ಆದ್ದರಿಂದ ಇವತ್ತಿನ ಜಾಹೀರಾತು ನೋಡಿ ಸೇರಬೇಡಿ, ಇವತ್ತಿನ ಕೆಟ್ಟ ಸುದ್ದಿ ನೋಡಿ ಬಿಡಲೂ ಬೇಡಿ.

ಒಂದು ರೀಜನಲ್ ಕಂಪನಿ ಕೆಲಸ ಕೊಡುತ್ತೇನೆ ಎಂದಾಗ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ಈ ಕಂಪನಿ ಎಷ್ಟು ದೊಡ್ಡ ಕಂಪನಿಗಳಿಗೆ ಹಾರುತ್ತದೆ, ಒಂದಕ್ಕೋ ನಾಲ್ಕಕ್ಕೋ? ಆ ಒಪ್ಪಂದಗಳು ಯಾವ ವರ್ಷ ಮುಗಿಯುತ್ತವೆ? ಕಂಪನಿ ಷೇರುಪೇಟೆಯಲ್ಲಿದ್ದರೆ ಅದರ ವಾರ್ಷಿಕ ವರದಿಯಲ್ಲಿ ಈ ವಿವರ ಬಹುಮಟ್ಟಿಗೆ ಸಿಗುತ್ತದೆ. ವಿಮಾನಗಳು ಯಾವುವು, 50 ಸೀಟಿನ ಹಳೆಯವೋ 76 ಸೀಟಿನವೋ? ಅವುಗಳ ಮಾಲೀಕರು ಯಾರು? ವಿಮಾನ ದೊಡ್ಡವರದಾದರೆ ಒಪ್ಪಂದ ಮುಗಿದ ದಿನ ಅದನ್ನು ಸುಲಭವಾಗಿ ಬೇರೆಯವರ ಕೈಗೆ ಕೊಡಬಹುದು. ದೊಡ್ಡ ಕಂಪನಿಗೆ ಮೇಲೇರುವ ಫ್ಲೋ ಎನ್ನುವ ಏರ್ಪಾಡು ಬರವಣಿಗೆಯಲ್ಲಿದೆಯೋ, ಬರೀ ಇಂಟರ್‌ವ್ಯೂ ಕೊಡುವ ಭರವಸೆಯೋ? ಸೇರುವಾಗ ಕೊಡುವ ಬೋನಸ್ಸಿಗೆ ಎಷ್ಟು ವರ್ಷದ ಕಟ್ಟು ಇದೆ, ಕಂಪನಿಯೇ ಮುಚ್ಚಿದರೆ ಅದನ್ನು ವಾಪಸ್ಸು ಕೊಡಬೇಕೇ? ಇದನ್ನೆಲ್ಲ ಕೇಳಲು ನಾಚಿಕೆ ಪಡಬೇಡಿ. ಹೆಣ್ಣು ನೋಡಲು ಹೋದವರು ಹುಡುಗನ ಕೆಲಸ ಕೇಳಿಸಿಕೊಂಡಷ್ಟೇ ಸಹಜವಾದ ಪ್ರಶ್ನೆಗಳು ಇವು.

ಆಮೇಲೆ ನಿಮ್ಮ ಜೊತೆ ಬರುವುದು ಯಾವುದು, ಬಾರದ್ದು ಯಾವುದು ಎಂದು ಎರಡು ಪಟ್ಟಿ ಮಾಡಿಕೊಳ್ಳಿ. ಸೀನಿಯಾರಿಟಿ ನಂಬರ್, ಇಷ್ಟದ ಊರು, ಕ್ಯಾಪ್ಟನ್ ಸೀಟು ನಿಮ್ಮ ಜೊತೆ ಬರುವುದಿಲ್ಲ. ಲೈಸೆನ್ಸ್, ಲಾಗ್‌ಬುಕ್ಕಿನ ಗಂಟೆಗಳು, ಟೈಪ್ ರೇಟಿಂಗ್, ಫಸ್ಟ್ ಕ್ಲಾಸ್ ಮೆಡಿಕಲ್ ಸಿಗುವಂಥ ಆರೋಗ್ಯ, ಡಿಗ್ರಿ, ಒಳ್ಳೆಯ ಹೆಸರು ಬರುತ್ತವೆ. ಸಾಲವೂ ಜೊತೆಗೇ ಬರುತ್ತದೆ. ಸೊನ್ನೆಯಿಂದ ಕಮರ್ಷಿಯಲ್ ಲೈಸೆನ್ಸ್‌ವರೆಗೆ ಬೇಗ ಕಲಿಸುವ ಶಾಲೆಗಳಲ್ಲಿ ಲಕ್ಷ ಡಾಲರ್ ಸುಲಭವಾಗಿ ಖರ್ಚಾಗುತ್ತದೆ. ಕಂಪನಿ ಮುಚ್ಚಿದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಸ್ವಲ್ಪ ನಿಧಾನವಾದರೂ ಕಡಿಮೆ ಸಾಲದಲ್ಲಿ ಕಲಿತವರಿಗೆ ಕೆಲಸ ಹೋದಾಗ ಉಸಿರಾಡಲು ಜಾಗ ಇರುತ್ತದೆ. ಮೊದಲ ಸಂಬಳದಿಂದಲೇ ಆರು ತಿಂಗಳ ಖರ್ಚು ಪಕ್ಕಕ್ಕಿಡಿ ಎಂದು ಎಲ್ಲರಿಗೂ ಹೇಳುತ್ತಾರೆ. ಈ ಕೆಲಸದವರಿಗೆ ಅದು ಸಾಲದು.

ಕೊನೆಯದಾಗಿ ಅಪ್ಪ ಅಮ್ಮನ ಮಾತು. ಅವರು ಪೈಲಟ್ ಕೆಲಸ ಎಂದೊಡನೆ ಹೆದರಿದರೆ, ಅವರಿಗೆ ಏನೂ ತಿಳಿಯದು ಎಂದುಕೊಳ್ಳಬೇಡಿ. ನಿಮ್ಮಲ್ಲಿ ಅನೇಕರ ಮನೆಯ ಹಿರಿಯರು ಎಚ್-1ಬಿ ವೀಸಾದಲ್ಲಿ ಬಂದವರು. ಆ ವೀಸಾದಲ್ಲಿ ಇರುವವರ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಈಗ ಹೆಚ್ಚೆಂದರೆ 60 ದಿನ. 2017ಕ್ಕೆ ಮುಂಚೆ ಅಷ್ಟೂ ಇರಲಿಲ್ಲ. ದೊಡ್ಡ ಕಂಪನಿಗಳು ಜನರನ್ನು ಒಟ್ಟಿಗೆ ತೆಗೆಯುವಾಗ ವಾರ್ನ್ ಕಾನೂನಿನ ಪ್ರಕಾರ ಕೊಡಬೇಕಾದ ನೋಟಿಸೂ 60 ದಿನವೇ. ಎರಡು ಅರವತ್ತೂ ಈ ಕಣಿವೆಯ ಮನೆಗಳಿಗೆ ಹೊಸತಲ್ಲ. ಯಾರದೋ ಮೀಟಿಂಗಿನಲ್ಲಿ ಆಗುವ ತೀರ್ಮಾನದಿಂದ ಮನೆಯ ಬಾಡಿಗೆ, ಮಗುವಿನ ಶಾಲೆ, ಊರಿಗೆ ಹೋಗುವ ಟಿಕೆಟ್ ಎಲ್ಲ ಅಲುಗಾಡುವುದು ಹೇಗೆಂದು ಅವರಿಗೆ ಗೊತ್ತು. ಮಕ್ಕಳಿಗೆ ಅದು ಬೇಡ ಎನ್ನುವ ಪ್ರೀತಿಯೇ ಅವರ ಬಾಯಲ್ಲಿ ಬೇಡ ಎಂಬ ಮಾತಾಗಿ ಬರುತ್ತದೆ.

ಅದಕ್ಕೇ ಅವರ ಮುಂದೆ ಬರೀ ಕನಸು ಇಡಬೇಡಿ. ಒಪ್ಪಂದ ಅಂದರೇನು, ಸೀನಿಯಾರಿಟಿ ಹೇಗೆ ನಡೆಯುತ್ತದೆ, ಸಾಲ ಎಷ್ಟಾಗುತ್ತದೆ, ಕಂಪನಿ ಮುಚ್ಚಿದರೆ ನಾನು ಏನು ಮಾಡುತ್ತೇನೆ ಎಂದು ಒಂದು ಹಾಳೆಯ ಮೇಲೆ ಬರೆದು ತೋರಿಸಿ. ವೀಸಾದ ದಿನಗಳಲ್ಲಿ ನೀವು ಹೇಗೆ ನಿಭಾಯಿಸಿದಿರಿ ಎಂದು ಅವರನ್ನೇ ಕೇಳಿ. ನಿಮಗೆ ಬೇಕಾದ ಬುದ್ಧಿಮಾತು ಅಲ್ಲೇ ಸಿಗಬಹುದು. ಆ ಹಾಳೆ ಬರೆಯುವಾಗ ನಿಮಗೇ ಉತ್ಸಾಹ ಇಳಿದುಹೋದರೆ ಅದೂ ಒಳ್ಳೆಯದೇ, ಲಕ್ಷ ಡಾಲರ್ ಖರ್ಚಾಗುವ ಮುಂಚೆ ತಿಳಿಯಿತು. ಬರೆದಾದ ಮೇಲೂ ಎಂಬಾರ್ಕಡೆರೋ ರಸ್ತೆಯ ಕಡೆ ಮನಸ್ಸು ಎಳೆದರೆ ಹೋಗಿ, ಕಲಿಯಿರಿ. ನಿಮ್ಮನ್ನು ಕ್ಯಾಪ್ಟನ್ ಎಂದು ಕರೆಯುವ ದಿನ ಬರಲಿ. ಅವತ್ತು ನಿಮ್ಮ ವಿಮಾನದ ಮೇಲೆ ಯಾರ ಹೆಸರೇ ಇರಲಿ, ಸಂಬಳದ ಚೀಟಿಯ ಮೇಲಿನ ಹೆಸರು ಯಾರದ್ದು, ಎಷ್ಟು ದಿನದ್ದು ಎನ್ನುವುದು ನಿಮಗೆ ತಿಳಿದಿರಲಿ.